ದಾಖಲೆ: ಮುರಿದದ್ದೋ, ಬರೆದಿಟ್ಟದ್ದೋ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಓದುವಾಗ ‘ತಂಡದ ದಾಖಲೆ 25-7’ ಎಂಬ ಸಾಲು ಮತ್ತೊಮ್ಮೆ ಕಣ್ಣಿಗೆ ಬಿತ್ತು. ಎಂಥ ದಾಖಲೆ? ಯಾರದನ್ನು ಮುರಿದರು? ಯಾರದನ್ನೂ ಇಲ್ಲ. ಆ ಋತುವಿನಲ್ಲಿ 25 ಪಂದ್ಯ ಗೆದ್ದರು, 7 ಸೋತರು. ಡ್ರಾ ಇಲ್ಲದ ಆಟವಾದ್ದರಿಂದ ಎರಡೇ ಅಂಕಿ. ‘ಗೆಲುವು-ಸೋಲಿನ ಲೆಕ್ಕ’ ಎಂದು ಬರೆದರೆ ಯಾರ ಗಂಟೇನೂ ಹೋಗುವುದಿಲ್ಲ.

ಇಂಗ್ಲಿಷಿನ ರೆಕಾರ್ಡ್ ಹುಟ್ಟಿದ್ದು ಲ್ಯಾಟಿನ್ನಿನ ‘ಕೋರ್’ ಎಂಬ ಪದದಿಂದ. ಕೋರ್ ಅಂದರೆ ಹೃದಯ. ನೆನಪಿಗೆ ತಂದುಕೊಳ್ಳುವುದು ಅಲ್ಲಿನ ಮೂಲಾರ್ಥ. ನಮ್ಮ ದಾಖಲೆಯ ಬೇರು ಅರಬ್ಬಿಯಲ್ಲಿದೆ: ಒಳಗೆ ಹೋಗುವುದು. ಆಸ್ಪತ್ರೆಗೆ ದಾಖಲಾಗುವ ರೋಗಿ, ಶಾಲೆಗೆ ದಾಖಲಾಗುವ ಮಗು, ಠಾಣೆಯಲ್ಲಿ ದಾಖಲಾಗುವ ದೂರು, ಎಲ್ಲವೂ ಒಳಗೆ ಹೋದವೇ. ‘ಹಿಂದೆ ಯಾರೂ ಮಾಡದ ಸಾಧನೆ’ ಎಂಬ ಅರ್ಥ ಇಂಗ್ಲಿಷಿನ ಸಹವಾಸದಿಂದ ಅಂಟಿಕೊಂಡದ್ದು. ಬಾಡಿಗೆಗೆ ಬಂದದ್ದು ಈಗ ಮನೆ ಯಜಮಾನನಾಗಿ ಕೂತಿದೆ. ‘ದಾಖಲೆಯ ಗೆಲುವು ದಾಖಲಿಸಿತು’ ಎಂದು ಬರೆಯುವವರಿಗೆ ಕಿವಿಯೂ ಚುಚ್ಚುವುದಿಲ್ಲ.

ಹಳೆಯ ಅರ್ಥವನ್ನೇ ಹಿಡಿದು ನೋಡಿದರೆ ಈ ಆಟದ ಅರ್ಧ ಜಗಳ ಬಗೆಹರಿಯುತ್ತದೆ. ಪುಸ್ತಕದ ಒಳಗೆ ಹೋದದ್ದಷ್ಟೇ ದಾಖಲೆ. ಎದುರಾಳಿಯ ಎಸೆತವನ್ನು ತಡೆಯುವ ಬ್ಲಾಕ್‌ಗಳನ್ನು ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ಅಧಿಕೃತವಾಗಿ ಎಣಿಸತೊಡಗಿದ್ದು 1985-86ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ 1955, 1956ರಲ್ಲಿ ಪ್ರಶಸ್ತಿ ತಂದ ಬಿಲ್ ರಸೆಲ್ ಆ ಪಟ್ಟಿಯಲ್ಲೇ ಇಲ್ಲ. ಬ್ಲಾಕ್ ಎಂದರೆ ಮೊದಲು ನೆನಪಾಗುವವನೇ ಅವನು!

2024ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಆಟಗಾರ್ತಿ ಕೇಟ್ಲಿನ್ ಕ್ಲಾರ್ಕ್ ಮೂರು ವಾರದೊಳಗೆ ಮೂರು ಸಲ ‘ದಾಖಲೆ ಮುರಿದಳು’. ಒಂದನ್ನೇ ಮೂರು ಸಲ ಮುರಿಯುವುದು ಹೇಗೆ? ಫೆಬ್ರವರಿ 15ರಂದು ದಾಟಿದ್ದು ಕೆಲ್ಸಿ ಪ್ಲಮ್ ಕಾಲೇಜು ದಿನಗಳಲ್ಲಿ ಗಳಿಸಿದ ಒಟ್ಟು 3,527 ಅಂಕ. ಅದು ಎನ್‌ಸಿಎಎ ಮಹಿಳಾ ದಾಖಲೆ. ಅದೇ ತಿಂಗಳ 28ರಂದು ದಾಟಿದ್ದು ಕಾನ್ಸಾಸ್‌ನ ಲಿನೆಟ್ ವುಡರ್ಡ್‌ಳ 3,649. ಸಂಖ್ಯೆ ದೊಡ್ಡದು, ಆದರೂ ಎನ್‌ಸಿಎಎ ಪುಸ್ತಕದಲ್ಲಿ ಅದಕ್ಕೆ ಜಾಗವಿರಲಿಲ್ಲ. ಅವಳು 1981ರವರೆಗೆ ಆಡಿದಾಗ ಮಹಿಳೆಯರ ಸ್ಪರ್ಧೆ ನಡೆಸುತ್ತಿದ್ದುದು ಎಐಎಡಬ್ಲ್ಯು ಎಂಬ ಬೇರೆ ಸಂಸ್ಥೆ. ಮಾರ್ಚ್ 3ರಂದು ದಾಟಿದ್ದು 1970ರವರೆಗೆ ಆಡಿದ ಪೀಟ್ ಮಾರಾವಿಚ್‌ನ 3,667, ಅದು ಪುರುಷರ ದಾಖಲೆ. ಅವನದು ಬರೀ 83 ಪಂದ್ಯ, ಮೂರೇ ಋತು (ಮೊದಲ ವರ್ಷದವರನ್ನು ಆಗ ಮುಖ್ಯ ತಂಡಕ್ಕೆ ಸೇರಿಸುತ್ತಿರಲಿಲ್ಲ), ದೂರದಿಂದ ಹಾಕಿದ ಬುಟ್ಟಿಗೆ ಎರಡರ ಬದಲು ಮೂರು ಅಂಕ ಕೊಡಿಸುವ ಗೆರೆಯೂ ಇರಲಿಲ್ಲ. ಕ್ಲಾರ್ಕ್ 139 ಪಂದ್ಯಗಳಲ್ಲಿ 3,951ಕ್ಕೆ ಮುಗಿಸಿದಳು. ಎಪ್ಪತ್ತರ ದಶಕದಲ್ಲಿ ಎರಡು ಸಣ್ಣ ಕಾಲೇಜುಗಳಿಗೆ ಆಡಿದ ಪರ್ಲ್ ಮೂರ್‌ಳ 4,061 ಇನ್ನೂ ಮೇಲೆಯೇ ಇದೆ. ಯಾವ ಪುಸ್ತಕ ಎಂದು ಹೇಳದೆ ‘ಸಾರ್ವಕಾಲಿಕ’ ಎಂದು ಬರೆಯುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ.

ಒಳಗೆ ಹೋದದ್ದು ಹೊರಗೂ ಬರುತ್ತದೆ. ನಿಯಮ ಮುರಿದ ತಂಡದ ಗೆಲುವುಗಳನ್ನು ಎನ್‌ಸಿಎಎ ಪುಸ್ತಕದಿಂದ ತೆಗೆದುಹಾಕುವುದುಂಟು. ಇದನ್ನು ‘ಗೆಲುವು ಎದುರಾಳಿಯ ಪಾಲಾಯಿತು’ ಎಂದು ಕನ್ನಡಿಸುವುದು ಶುದ್ಧ ತಪ್ಪು. ಪಹಣಿಯಲ್ಲಿ ಒಬ್ಬರ ಹೆಸರು ಹೋದರೆ ಇನ್ನೊಬ್ಬರದು ಕೂರುತ್ತದೆ. ಇಲ್ಲಿ ಹಾಗಲ್ಲ, ಹೆಸರು ಹೋಗುತ್ತದೆ, ಕಾಲಂ ಖಾಲಿ ಉಳಿಯುತ್ತದೆ. 2013ರ ಫೈನಲ್‌ನಲ್ಲಿ ಲೂಯಿವಿಲ್ 82-76ರಿಂದ ಮಿಷಿಗನ್ನನ್ನು ಸೋಲಿಸಿತ್ತು. 2018ರಲ್ಲಿ ಲೂಯಿವಿಲ್‌ನ ಆ ಪ್ರಶಸ್ತಿ ರದ್ದಾಯಿತು. ಮಿಷಿಗನ್ ಚಾಂಪಿಯನ್ ಆಗಲಿಲ್ಲ. ಅದರ ಆ ವರ್ಷದ ಲೆಕ್ಕ ಇವತ್ತಿಗೂ 31-8. ಆ ಎಂಟರಲ್ಲಿ ಒಂದು, ಯಾರೂ ಗೆಲ್ಲದ ಪಂದ್ಯದಲ್ಲಿ ಸೋತದ್ದು.