ತುರ್ತು ಮಾತ್ರೆ ಮತ್ತು ಲೇಬಲ್ ಮೇಲಿದ್ದ ಒಂದು ಸಾಲು

ದಿನಾ ನುಂಗುವ ಗರ್ಭನಿರೋಧಕ ಮಾತ್ರೆ, ಸಂಪರ್ಕವಾದ ಮೇಲೆ ನುಂಗುವ ತುರ್ತು ಮಾತ್ರೆ, ಗರ್ಭಪಾತದ ಮಾತ್ರೆ. ಜನರ ಮಾತಿನಲ್ಲಿ ಈ ಮೂರೂ ಕಲಸಿಹೋಗಿವೆ. ಮೊದಲೆರಡು ಗರ್ಭ ನಿಲ್ಲದಂತೆ ತಡೆಯುತ್ತವೆ. ಮೂರನೆಯದು ನಿಂತ ಗರ್ಭವನ್ನು ತೆಗೆಯುತ್ತದೆ. ವ್ಯತ್ಯಾಸ ಇಷ್ಟು ಸ್ಪಷ್ಟವಾಗಿದ್ದರೂ ತುರ್ತು ಮಾತ್ರೆಯೂ ಗರ್ಭಪಾತವೇ ಎಂಬ ಜಗಳ ಮಾತ್ರ ದಶಕಗಳಿಂದ ನಡೆದೇ ಇದೆ.

ದಿನದ ಮಾತ್ರೆಯ ಕಥೆ ಬೇಗ ಹೇಳಬಹುದು. 1951ರಲ್ಲಿ ಮೆಕ್ಸಿಕೋ ಸಿಟಿಯ ಪ್ರಯೋಗಾಲಯವೊಂದರಲ್ಲಿ ಬಾಯಿಂದ ತೆಗೆದುಕೊಳ್ಳಬಹುದಾದ ಪ್ರೊಜೆಸ್ಟಿನ್ (ಪ್ರೊಜೆಸ್ಟೆರಾನ್ ಎಂಬ ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡುವ ಕೃತಕ ಹಾರ್ಮೋನ್) ತಯಾರಾಯಿತು. 1956ರಲ್ಲಿ ಪೋರ್ಟೊರಿಕೋದ ಹೆಂಗಸರ ಮೇಲೆ ಮಾತ್ರೆಯ ದೊಡ್ಡ ಪ್ರಯೋಗ ನಡೆಯಿತು. 1960ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಎನೋವಿಡ್’ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಮಾತ್ರೆಯಲ್ಲಿ ಹಾರ್ಮೋನ್ ಈಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ತಲೆಸುತ್ತು, ವಾಕರಿಕೆ ಎಂದು ದೂರಿದ ಹೆಂಗಸರ ಮಾತನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಇದು ಕೆಲಸ ಮಾಡುವ ಬಗೆ ಹೀಗೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಎಂಬ ಹಾರ್ಮೋನ್ ತಿಂಗಳಿಗೊಮ್ಮೆ ಒಮ್ಮೆಲೇ ಉಕ್ಕುತ್ತದೆ. ಅದಾಗಿ ಒಂದೂವರೆ ದಿನದೊಳಗೆ ಅಂಡಾಣು ಹೊರಬರುತ್ತದೆ. ದಿನಾ ಮಾತ್ರೆ ನುಂಗುತ್ತಿದ್ದರೆ ಆ ಉಕ್ಕು ಏಳುವುದೇ ಇಲ್ಲ. ಜೊತೆಗೆ ಗರ್ಭಕೋಶದ ಬಾಯಿಯ ಲೋಳೆ ದಪ್ಪಗಾಗಿ ವೀರ್ಯಾಣುಗಳು ಒಳಗೆ ಹೋಗದಂತೆ ತಡೆಯುತ್ತದೆ.

ಗೋಜಲು ಶುರುವಾಗಿದ್ದು ತುರ್ತು ಮಾತ್ರೆಯಿಂದ. 1960ರ ದಶಕದಲ್ಲಿ ವೈದ್ಯರು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನನ್ನು ಭಾರೀ ಪ್ರಮಾಣದಲ್ಲಿ ಕೊಡುತ್ತಿದ್ದರು. 1970ರ ದಶಕದಲ್ಲಿ ಕೆನಡಾದ ವೈದ್ಯ ಆಲ್ಬರ್ಟ್ ಯುಜ್ಪೆ ಎರಡು ಹಾರ್ಮೋನ್ ಸೇರಿಸಿ, ಹನ್ನೆರಡು ಗಂಟೆ ಅಂತರದಲ್ಲಿ ಎರಡು ಸಲ ಕೊಡುವ ಕ್ರಮ ತಂದರು. ಅದರಲ್ಲೂ ವಾಂತಿಯ ಕಾಟ ಇತ್ತು. 1998ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನವೊಂದು, ಲೆವೊನೊರ್‌ಜೆಸ್ಟ್ರೆಲ್ ಎಂಬ ಪ್ರೊಜೆಸ್ಟಿನ್ ಒಂದೇ ಸಾಕು, ಅದೇ ಹೆಚ್ಚು ಫಲಕಾರಿ ಎಂದು ತೋರಿಸಿತು. ಮರುವರ್ಷ ಅಮೆರಿಕದಲ್ಲಿ ಅದು ‘ಪ್ಲಾನ್ ಬಿ’ ಹೆಸರಿನಲ್ಲಿ ಒಪ್ಪಿಗೆ ಪಡೆಯಿತು.

ಅದರ ಲೇಬಲ್‌ನಲ್ಲಿ ಒಂದು ಸಾಲು ಸೇರಿಕೊಂಡಿತ್ತು: ಫಲಿತ ಅಂಡ ಗರ್ಭಕೋಶದ ಗೋಡೆಗೆ ಅಂಟದಂತೆಯೂ ಇದು ತಡೆಯಬಹುದು. ಇದು ಅಳೆದು ನೋಡಿ ಬರೆದ ಮಾತಲ್ಲ, ಹೀಗೂ ಆಗಬಹುದು ಎಂಬ ಊಹೆ ಅಷ್ಟೇ. ಆದರೆ ವಾದ ಮಾಡುವವರಿಗೆ ಅಷ್ಟು ಸಾಕಾಯಿತು. ‘ಬಹುದು’ ಹೋಗಿ ‘ತಡೆಯುತ್ತದೆ’ ಆಯಿತು, ಅದೂ ಹೋಗಿ ‘ಗರ್ಭಪಾತ’ ಆಯಿತು.

ಅಳೆದು ನೋಡುವ ಕೆಲಸ ನಡೆದದ್ದು ಆಮೇಲೆ. ಚಿಲಿ ದೇಶದ ಸಂಶೋಧಕರು, ಮಾತ್ರೆ ತೆಗೆದುಕೊಂಡ ದಿನ ಅಂಡಾಣು ಹೊರಬಂದಿತ್ತೋ ಇಲ್ಲವೋ ಎಂದು ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿ ಗುರುತಿಸಿದರು. ಅಂಡಾಣು ಹೊರಬರುವ ಮೊದಲು ನುಂಗಿದವರಲ್ಲಿ ಗರ್ಭ ನಿಲ್ಲಲಿಲ್ಲ. ಆಮೇಲೆ ನುಂಗಿದವರಲ್ಲಿ, ಮಾತ್ರೆಯೇ ಇಲ್ಲದಿದ್ದರೆ ಎಷ್ಟು ನಿಲ್ಲುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ನಿಂತಿತು. ಗೋಡೆಗೆ ಅಂಟುವುದನ್ನು ಈ ಮಾತ್ರೆ ತಡೆಯುವಂತಿದ್ದರೆ ಹೀಗಾಗುತ್ತಿರಲಿಲ್ಲ, ಅಲ್ವಾ? ಸ್ಟಾಕ್‌ಹೋಮ್‌ನಲ್ಲಿ ಗರ್ಭಕೋಶದ ಒಳಪದರದ ಅಂಗಾಂಶವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗಲೂ, ಲೆವೊನೊರ್‌ಜೆಸ್ಟ್ರೆಲ್ ಇದ್ದರೂ ಭ್ರೂಣ ಅಂಟಿಕೊಂಡಿತು. ಇವೆಲ್ಲ ಸುಮಾರು 2011ರ ಹೊತ್ತಿಗೇ ಕೈಯಲ್ಲಿದ್ದವು. ಎಫ್‌ಡಿಎ ಲೇಬಲ್‌ನಿಂದ ಆ ಸಾಲು ಹೋಗಿದ್ದು 2022ರ ಡಿಸೆಂಬರ್‌ನಲ್ಲಿ. ಒಂದು ಸಾಲು ತೆಗೆಯಲು ಇಷ್ಟು ವರ್ಷ ಬೇಕಿತ್ತೇ ಎಂದು ಕೇಳಿದರೆ ತಪ್ಪಿಲ್ಲ.

ಅಂದರೆ ಈ ಮಾತ್ರೆ ಮಾಡುವುದು ಅಂಡಾಣುವನ್ನು ಕೆಲವು ದಿನ ತಡ ಮಾಡುವ ಕೆಲಸ. ವೀರ್ಯಾಣು ದೇಹದೊಳಗೆ 5 ದಿನದವರೆಗೆ ಮಾತ್ರ ಬದುಕಬಲ್ಲದು, ಅಂಡಾಣು ಬರುವಷ್ಟರಲ್ಲಿ ಅದು ಸತ್ತಿರುತ್ತದೆ, ಆದ್ದರಿಂದಲೇ ಈ ಉಪಾಯ ನಡೆಯುತ್ತದೆ. ಎಲ್‌ಎಚ್ ಏರತೊಡಗಿದ ಮೇಲೆ ಲೆವೊನೊರ್‌ಜೆಸ್ಟ್ರೆಲ್ ಹೆಚ್ಚೇನೂ ಮಾಡಲಾರದು. ಯೂಲಿಪ್ರಿಸ್ಟಾಲ್ ಎಂಬ ಇನ್ನೊಂದು ತುರ್ತು ಮಾತ್ರೆ ಏರಿಕೆ ತುದಿ ಮುಟ್ಟುವ ತನಕವೂ ಕೆಲಸ ಮಾಡುತ್ತದೆ. ಹಾಗಾಗಿ ಸಂಪರ್ಕವಾದ ಮೇಲೆ ಮಾತ್ರೆ ನುಂಗಲು 72 ಗಂಟೆಯ ಗಡುವು ಇದೆ ಎಂದು ಸುಮ್ನೆ ಕಾಯುವುದರಲ್ಲಿ ಅರ್ಥವಿಲ್ಲ.

ಮಾತ್ರೆ ಗರ್ಭಕೋಶವನ್ನು ‘ತೊಳೆದುಬಿಡುತ್ತದೆ’ ಎಂದು ನಂಬಿದವರು ಆ ತಿಂಗಳು ಪೂರ್ತಿ ಭಯವಿಲ್ಲ ಅಂದುಕೊಳ್ಳುತ್ತಾರೆ. ತಡವಾದ ಅಂಡಾಣು ಮುಂದಿನ ವಾರ ಬರಬಹುದು. ಆಗ ಕಾಂಡೋಮ್ ಇಲ್ಲದೆ ಕೂಡಿದರೆ ಗರ್ಭ ನಿಲ್ಲಬಹುದು. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಪರೀಕ್ಷೆ ಮಾಡಿಕೊಳ್ಳಲೇಬೇಕು.