ಮ್ಯಾಮತ್ ನಮ್ಮ ಆನೆಗಿಂತ ಎಷ್ಟು ದೊಡ್ಡದಿತ್ತು?

ಓದುಗರ ಪ್ರಶ್ನೆ: ಚಿತ್ರಗಳಲ್ಲಿ ಮ್ಯಾಮತ್ ಬೆಟ್ಟದ ಹಾಗೆ ಕಾಣುತ್ತದೆ. ನಿಜಕ್ಕೂ ಅಷ್ಟು ದೊಡ್ಡದಿತ್ತಾ?

ಇಲ್ಲ. ಮ್ಯಾಮತ್ ಅಂದರೆ ಈಗ ಅಳಿದುಹೋಗಿರುವ, ಆನೆಯ ಬಳಗದ ಪ್ರಾಣಿ. ಮೈತುಂಬ ಕೂದಲಿದ್ದ ಸೈಬೀರಿಯಾದ ಮ್ಯಾಮತ್ ಹೆಚ್ಚುಕಡಿಮೆ ನಮ್ಮ ನಾಗರಹೊಳೆಯ ಆನೆಯಷ್ಟೇ ಇತ್ತು. ದೊಡ್ಡ ಗಂಡು ಭುಜದ ಹತ್ತಿರ ಸುಮಾರು 3 ಮೀಟರ್ ಎತ್ತರ. ಅಮೆರಿಕದಲ್ಲಿದ್ದ ಕೊಲಂಬಿಯನ್ ಮ್ಯಾಮತ್ ಬೇರೆ ಜಾತಿ, ಅದು 4 ಮೀಟರ್ ಮುಟ್ಟುತ್ತಿತ್ತು. ಎರಡನ್ನೂ ಸುಮ್ನೆ ಮ್ಯಾಮತ್ ಅಂದುಬಿಡುತ್ತೇವೆ, ಗೊಂದಲ ಅಲ್ಲೇ ಶುರು.

ನನ್ನ ಪ್ರಕಾರ ಗಾತ್ರಕ್ಕಿಂತ ಅದರ ಕಿವಿ ನೋಡಬೇಕು. ಬೆಳೆದ ಮ್ಯಾಮತ್‌ನ ಕಿವಿ ಒಂದಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ! ಆನೆ ಕಿವಿ ಬೀಸುವುದು ಮೈಯ ಬಿಸಿ ಇಳಿಸಿಕೊಳ್ಳಲು. ಹಿಮದ ನಾಡಿನಲ್ಲಿ ಆ ಬಿಸಿಯನ್ನೇ ಕಾಪಾಡಿಕೊಳ್ಳಬೇಕಲ್ವಾ? ಅದಕ್ಕೇ ಕಿವಿಯೂ ಚಿಕ್ಕದು, ಬಾಲವೂ ಗಿಡ್ಡ. ಬಾಲದ ಬುಡದಲ್ಲಿ ಗುದದ್ವಾರ ಮುಚ್ಚುವಂಥ ಚರ್ಮದ ಮಡಿಕೆಯೂ ಇತ್ತು. ಚರ್ಮದಡಿ ನಾಲ್ಕು ಬೆರಳಷ್ಟು ದಪ್ಪ ಕೊಬ್ಬು. ಕೂದಲು ಎರಡು ಪದರ: ಒಳಗೆ ಒತ್ತಾದ ತುಪ್ಪಳ, ಹೊರಗೆ ಉದ್ದನೆಯ ಒರಟು ಕೂದಲು. ರಕ್ತವೂ ಚಳಿಗೆ ಒಗ್ಗಿತ್ತು. ವಿಜ್ಞಾನಿಗಳು ಡಿಎನ್‌ಎ ನೋಡಿ ಮ್ಯಾಮತ್‌ನ ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಸಾಗಿಸುವ ವಸ್ತು) ಅನ್ನು ಮತ್ತೆ ತಯಾರಿಸಿ ಪರೀಕ್ಷಿಸಿದರು. ಕಾಲು ತಣ್ಣಗಾದರೂ ಅದು ಅಲ್ಲಿಗೆ ಆಮ್ಲಜನಕ ಬಿಟ್ಟುಕೊಡುತ್ತಿತ್ತು ಅಂತ 2010ರಲ್ಲಿ ಗೊತ್ತಾಯಿತು.

ಬರೀ ಮೂಳೆ ಸಿಕ್ಕಿದ್ದರೆ ಕಿವಿ, ಕೊಬ್ಬಿನ ವಿಷಯ ತಿಳಿಯುತ್ತಿರಲಿಲ್ಲ. ಕಿವಿಯಲ್ಲಿ ಮೂಳೆ ಇಲ್ಲ, ಕೊಬ್ಬು ಉಳಿಯುವುದಿಲ್ಲ. ಹೆಪ್ಪುಗಟ್ಟಿದ ನೆಲದಲ್ಲಿ ಇಡೀ ದೇಹಗಳೇ ಸಿಕ್ಕಿದ್ದು ನಮ್ಮ ಪುಣ್ಯ. 2007ರಲ್ಲಿ ರಷ್ಯಾದ ಯಮಾಲ್‌ನಲ್ಲಿ ಹಿಮಸಾರಂಗ ಸಾಕುವವರೊಬ್ಬರಿಗೆ ಒಂದು ಹೆಣ್ಣು ಮರಿ ಸಿಕ್ಕಿತು. ಅದಕ್ಕೆ ಲ್ಯೂಬಾ ಅಂತ ಹೆಸರಿಟ್ಟರು. ಸತ್ತು ಸುಮಾರು 42,000 ವರ್ಷ ಆಗಿದ್ದರೂ ಸೊಂಡಿಲು, ಕಣ್ಣರೆಪ್ಪೆಯ ಕೂದಲು ಹಾಗೇ ಇದ್ದವು. ಸಾಯುವಾಗ ಅದಕ್ಕೆ ಸುಮಾರು ಒಂದು ತಿಂಗಳು. ಹೊಟ್ಟೆಯಲ್ಲಿ ತಾಯಿಯ ಹಾಲು, ಕುತ್ತಿಗೆಯ ಹಿಂದೆ ಚಳಿಗೆ ಶಾಖ ಕೊಡುವ ಕೊಬ್ಬಿನ ಉಬ್ಬು.

ಚಿತ್ರಗಳಲ್ಲಿ ಕಾಣುವ ಕೆಂಚು ಬಣ್ಣವನ್ನು ಮಾತ್ರ ಪೂರ್ತಿ ನಂಬಬೇಡಿ. ಸಾವಿರಾರು ವರ್ಷ ನೆಲದೊಳಗಿದ್ದ ಕೂದಲಿನ ಬಣ್ಣ ಮಾಸುತ್ತದೆ. ಬದುಕಿದ್ದಾಗ ಹಲವು ಮ್ಯಾಮತ್‌ಗಳ ಕೂದಲು ಗಾಢ ಕಂದು ಬಣ್ಣದ್ದಾಗಿತ್ತು.