ಜರ್ಮನ್‌ಗೆ ಬಂದಾಗ ‘ಸಮುದಾಯ’ಕ್ಕೆ ಪದ ಸಿಗಲಿಲ್ಲ

ಜರ್ಮನ್ ಭಾಷೆಯಲ್ಲಿ ಸಮುದಾಯ ಅನ್ನೋದಕ್ಕೆ ಗೆಮೈನ್‌ಶಾಫ್ಟ್ ಅಂತ ಒಳ್ಳೆಯ ಪದವೇ ಇದೆ. ಆದರೂ ಬರ್ಲಿನ್‌ನ ಆರೋಗ್ಯ ಸಂಶೋಧಕರು ತಮ್ಮ ಬರಹಗಳಲ್ಲಿ ‘ಕಮ್ಯುನಿಟಿ’ ಎಂಬ ಇಂಗ್ಲಿಷ್ ಪದವನ್ನೇ ಉಳಿಸಿಕೊಂಡರು. ಗೆಮೈನ್‌ಶಾಫ್ಟ್‌ಗೆ ಹಳೆಯ ಕಹಿ ನೆನಪೊಂದು ಅಂಟಿಕೊಂಡಿದೆ. ‘ಫೋಕ್ಸ್‌ಗೆಮೈನ್‌ಶಾಫ್ಟ್’, ಅಂದರೆ ಜನಸಮುದಾಯ, ನಾಜಿಗಳ ಘೋಷಣೆಯಾಗಿತ್ತು. ಯಾರು ನಮ್ಮವರು, ಯಾರು ಅಲ್ಲ ಅಂತ ಗೆರೆ ಎಳೆಯೋಕೆ ಅವರು ಬಳಸಿದ ಮಾತು ಅದು. ನಮಗೂ ಇದು ಹೊಸದಲ್ಲ. ಪತ್ರಿಕೆಯಲ್ಲಿ ‘ಸಮುದಾಯದ ಮುಖಂಡರು’ ಅಂತ ಓದಿದ ಕೂಡಲೇ ನಮ್ಮ ತಲೆಗೆ ಬರೋದು ಜಾತಿ, ಅಲ್ವಾ?

ಈ ಪದಗಳ ತೊಡಕು ಎದ್ದದ್ದು ಪಾಲ್ಗೊಳ್ಳುವಿಕೆಯ ಆರೋಗ್ಯ ಸಂಶೋಧನೆಯನ್ನು ಜರ್ಮನ್‌ಗೆ ಒಗ್ಗಿಸುವಾಗ. ಇದರ ತಿರುಳು ಸರಳ. ಯಾರ ಆರೋಗ್ಯದ ಬಗ್ಗೆ ಅಧ್ಯಯನವೋ ಅವರೇ ಸಂಶೋಧಕರ ಜೊತೆ ಕೂರಬೇಕು. ಏನು ಕೇಳಬೇಕು, ಹೇಗೆ ಕೇಳಬೇಕು, ಸಿಕ್ಕ ಉತ್ತರದಿಂದ ಏನು ಮಾಡಬೇಕು ಅನ್ನೋದನ್ನು ಸೇರಿ ತೀರ್ಮಾನಿಸಬೇಕು. ಬರೀ ಪ್ರಶ್ನಾವಳಿ ತುಂಬಿಸಿಕೊಂಡು ಹೋದರೆ ಅದು ಪಾಲ್ಗೊಳ್ಳುವಿಕೆ ಅಲ್ಲ.

ಈ ವಿಚಾರದ ಒಂದು ಬೇರು ಬರ್ಲಿನ್‌ನಲ್ಲೇ ಇತ್ತು. ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಅವರು ಯಹೂದಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಟ್ಟು ಅಮೆರಿಕ ಸೇರಿದರು. 1946ರಲ್ಲಿ ಅಲ್ಪಸಂಖ್ಯಾತರ ಸಮಸ್ಯೆಗಳ ಬಗ್ಗೆ ಬರೆದ ಲೇಖನದಲ್ಲಿ ‘ಆ್ಯಕ್ಷನ್ ರಿಸರ್ಚ್’ ಏನೆಂದು ವಿವರಿಸಿದರು. ಬದಲಾವಣೆ ತರುತ್ತಲೇ ಕಲಿಯುವ ಸಂಶೋಧನೆ ಅದು. ಮರುವರ್ಷ ತೀರಿಕೊಂಡರು. ಹೊರಗೆ ಹಾಕಿದ ದೇಶಕ್ಕೆ ಅವರ ವಿಚಾರ ಮರಳಿ ಬಂದದ್ದು ಇಂಗ್ಲಿಷಿನ ಮೂಲಕ. ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. 1970ರ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿ ಇದರ ಬಗ್ಗೆ ಜೋರು ಚರ್ಚೆ ನಡೆಯಿತು. ಮುಂದಿನ ದಶಕದಲ್ಲಿ ತಣ್ಣಗಾಯಿತು.

ಬೇರೆ ಕಡೆ ಮಾತ್ರ ಈ ದಾರಿ ಬೆಳೆಯುತ್ತಲೇ ಹೋಯಿತು. ಬ್ರೆಜಿಲ್, ಕೊಲಂಬಿಯಾ, ತಾಂಜಾನಿಯಾಗಳಲ್ಲಿ ಬಡವರ ಜೊತೆ ಕೂತು ಸಂಶೋಧನೆ ಮಾಡುವ ಕ್ರಮಗಳು ಹುಟ್ಟಿದವು. ನಮ್ಮಲ್ಲಿ ರಾಜೇಶ್ ಟಂಡನ್ 1982ರಲ್ಲಿ ದೆಹಲಿಯಲ್ಲಿ ಇಂಥ ಸಂಶೋಧನೆಗೆಂದೇ ‘ಪ್ರಿಯಾ’ ಸಂಸ್ಥೆ ಕಟ್ಟಿದರು.

ಜರ್ಮನ್ ಆರೋಗ್ಯ ಕ್ಷೇತ್ರದಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟದ್ದರಲ್ಲಿ ಎಚ್‌ಐವಿ ಕೆಲಸದ ಪಾಲು ದೊಡ್ಡದು. ಸಲಿಂಗಕಾಮಿಗಳು, ಡ್ರಗ್ಸ್ ಬಳಸುವವರು, ಲೈಂಗಿಕ ವೃತ್ತಿಯಲ್ಲಿರುವವರು ದೂರದಲ್ಲಿ ಕೂತ ತಜ್ಞರ ಉಪದೇಶ ನಂಬುವ ಸ್ಥಿತಿಯಲ್ಲಿರಲಿಲ್ಲ. ತಮ್ಮವರ ಮಾತು ಕೇಳುತ್ತಿದ್ದರು. ಮೈಸೂರಿನಲ್ಲಿ ಲೈಂಗಿಕ ವೃತ್ತಿಯವರೇ ಕಟ್ಟಿ ನಡೆಸುವ ಆಶೋದಯ ಸಮಿತಿ ತೋರಿಸಿಕೊಟ್ಟದ್ದೂ ಇದನ್ನೇ. 2007ರಲ್ಲಿ ಜರ್ಮನ್ ಮಾತಾಡುವ ದೇಶಗಳಲ್ಲಿ ಇಂಥ ಸಂಶೋಧನೆ ಮಾಡುವವರಿಗಾಗಿ ‘ಪಾರ್ಟ್‌ನೆಟ್’ ಎಂಬ ಜಾಲ ಶುರುವಾಯಿತು. 2009ರಲ್ಲಿ ಇದೇ ಕೆಲಸಕ್ಕೆ ಅಂತರರಾಷ್ಟ್ರೀಯ ಒಕ್ಕೂಟ ಬಂತು. ಎರಡರ ಹಿಂದೆಯೂ ಬರ್ಲಿನ್‌ನ ಸಂಶೋಧಕ ಮೈಕಲ್ ರೈಟ್ ಇದ್ದರು. ಪಾಲ್ಗೊಳ್ಳುವಿಕೆಯ ಆರೋಗ್ಯ ಸಂಶೋಧನೆ ಅಂದರೇನು ಎಂದು ಹೇಳುವ ಒಕ್ಕೂಟದ ಮೊದಲ ದಾಖಲೆ 2013ರಲ್ಲಿ ಹೊರಬಂತು.

ಇದಕ್ಕೂ ಮೊದಲೇ ರೈಟ್, ಹೆಲಾ ಫಾನ್ ಉಂಗರ್ ಮತ್ತು ಮಾರ್ಟಿನಾ ಬ್ಲಾಕ್ ಪಾಲ್ಗೊಳ್ಳುವಿಕೆಯ ಹಂತಗಳನ್ನು ತೋರಿಸುವ ಒಂದು ಏಣಿ ಬರೆದರು. ಅಮೆರಿಕದ ಶೆರಿ ಆರ್ನ್‌ಸ್ಟೈನ್ 1969ರಲ್ಲಿ ಬರೆದ ಏಣಿಗೆ 8 ಮೆಟ್ಟಿಲಿದ್ದವು. ಇದಕ್ಕೆ 9. ಕೆಳಗಿನ ಎರಡು ಪಾಲ್ಗೊಳ್ಳುವಿಕೆಯೇ ಅಲ್ಲ: ಜನರನ್ನು ಸಾಧನದಂತೆ ಬಳಸುವುದು, ಹೀಗೆ ಮಾಡಿ ಅಂತ ಅಪ್ಪಣೆ ಕೊಡುವುದು. ನಂತರದ ಮೂರು ಬರೀ ಪೂರ್ವಹಂತ: ಮಾಹಿತಿ ಕೊಡುವುದು, ಅಭಿಪ್ರಾಯ ಕೇಳುವುದು, ಸಲಹೆಗೆ ಕರೆಯುವುದು. ತೀರ್ಮಾನದಲ್ಲಿ ಮಾತು ನಡೆಯತೊಡಗುವುದು ಆರನೇ ಮೆಟ್ಟಿಲಿನಿಂದ. ನಿಜವಾದ ಪಾಲ್ಗೊಳ್ಳುವಿಕೆ ಅಲ್ಲಿಂದ ಎಂಟರವರೆಗೆ. ಒಂಬತ್ತನೆಯದು ಅದನ್ನೂ ದಾಟಿ, ಜನರೇ ಸಂಘಟಿತರಾಗಿ ನಡೆಸುವುದು. ಐದಕ್ಕೂ ಆರಕ್ಕೂ ನಡುವಿನ ಗೆರೆ ನನಗೆ ತುಂಬಾ ಇಷ್ಟ. ‘ನಾವು ಜನರ ಅಭಿಪ್ರಾಯ ಕೇಳಿದ್ದೇವೆ’ ಅಂತ ಬೀಗುವ ಎಷ್ಟೋ ಯೋಜನೆಗಳು ನಾಲ್ಕನೇ ಮೆಟ್ಟಿಲಲ್ಲೇ ಸಿಕ್ಕಿಬೀಳುತ್ತವೆ.

ಆ ನಾಲ್ಕನೇ ಮೆಟ್ಟಿಲಿನ ಜರ್ಮನ್ ಹೆಸರು ‘ಆನ್‌ಹ್ಯೋರುಂಗ್’. ಕೇಳಿಸಿಕೊಳ್ಳುವುದು ಎಂದರ್ಥ. ಆದರೆ ಜರ್ಮನಿಯಲ್ಲಿ ಆಶ್ರಯ ಕೋರಿ ಬಂದವರನ್ನು ಅಧಿಕಾರಿ ಎದುರು ಕೂರಿಸಿ ವಿಚಾರಿಸುತ್ತಾರಲ್ಲ, ಅದರ ಹೆಸರೂ ಇದೇ. ಇರಬಹುದೋ, ವಾಪಸ್ ಹೋಗಬೇಕೋ ಅನ್ನೋದು ಬಹುಪಾಲು ಆ ಕೋಣೆಯ ಮಾತಿನ ಮೇಲೆ ನಿಂತಿರುತ್ತದೆ. ವಲಸೆ ಬಂದವರ ಜೊತೆ ಎಚ್‌ಐವಿ ಸಂಶೋಧನೆ ಮಾಡುವವರು ಆ ಪದವನ್ನು ಸುಮ್ನೆ ಬಳಸೋಕಾಗುತ್ತದಾ?

ಪಾಲ್ಗೊಳ್ಳುವುದು ಅನ್ನೋದಕ್ಕೂ ಹೀಗೇ. ‘ಟೈಲ್‌ನಾಮೆ’ ಅಂದರೆ ಭಾಗವಹಿಸುವುದು. ಔಷಧ ಪರೀಕ್ಷೆಗೆ ಮೈಯೊಡ್ಡಿದವರಿಗೂ ಅದು ಸಲ್ಲುತ್ತದೆ. ‘ಟೈಲ್‌ಹಾಬೆ’ ಅಂದರೆ ಪಾಲು ಇರುವುದು. ಅಂಗವಿಕಲರ ಹಕ್ಕಿನ ಕಾನೂನಿನಲ್ಲಿರುವ ಪದ ಅದು. ಕೊನೆಗೆ ಲ್ಯಾಟಿನ್ ಮೂಲದ ‘ಪಾರ್ಟಿಸಿಪಾಟ್ಸಿಯೋನ್’ ನೆಲೆಯಾಯಿತು. ನಮ್ಮ ‘ಪಾಲ್ಗೊಳ್ಳು’ವಿನಲ್ಲಿ ಪಾಲೂ ಇದೆ, ಕೊಳ್ಳುವುದೂ ಇದೆ. ಈ ವಿಷಯದಲ್ಲಿ ಕನ್ನಡ ಪುಣ್ಯ ಮಾಡಿದೆ.

2015ರಲ್ಲಿ ‘ಪಾರ್ಟ್‌ಕೊಮ್‌ಪ್ಲುಸ್’ ಎಂಬ ದೊಡ್ಡ ಸಂಶೋಧನಾ ಕೂಟ ಶುರುವಾಯಿತು. ಅದರ ಒಂದು ಯೋಜನೆಯಲ್ಲಿ ಬರ್ಲಿನ್‌ನ ಲಿಷ್ಟೆನ್‌ಬರ್ಗ್‌ನ ಕಲಿಕೆಯ ತೊಂದರೆ ಇರುವವರು ಸಹಸಂಶೋಧಕರಾದರು. ಇಂಥವರಿಗೆ ‘ಲೈಷ್ಟೆ ಶ್ಪ್ರಾಖೆ’, ಅಂದರೆ ಸುಲಭ ಭಾಷೆ, ಬೇಕು. ಅದರಲ್ಲಿ ವಾಕ್ಯಗಳು ಚಿಕ್ಕವು. ಒಂದು ವಾಕ್ಯಕ್ಕೆ ಒಂದೇ ವಿಷಯ. ಜರ್ಮನ್‌ನ ರೈಲಿನಂಥ ಉದ್ದ ಪದಗಳನ್ನು ನಡುವೆ ಗೆರೆ ಹಾಕಿ ಬಿಡಿಸುತ್ತಾರೆ. ಗೆಸುಂಡ್‌ಹೈಟ್ಸ್‌ಫೋರ್ಶುಂಗ್, ಅಂದರೆ ಆರೋಗ್ಯ ಸಂಶೋಧನೆ, ಅಲ್ಲಿ ‘ಗೆಸುಂಡ್‌ಹೈಟ್ಸ್-ಫೋರ್ಶುಂಗ್’ ಆಗುತ್ತದೆ. ಬರೆದು ಮುಗಿಸಿದ್ದನ್ನು ಹಾಗೇ ಅಚ್ಚಿಗೆ ಕಳಿಸುವಂತಿಲ್ಲ. ಕಲಿಕೆಯ ತೊಂದರೆ ಇರುವವರೇ ಕೂತು ಓದಿ ನೋಡುತ್ತಾರೆ. ಅವರು ಅರ್ಥವಾಗಲಿಲ್ಲ ಅಂದರೆ, ಬರೆದವರು ಮತ್ತೆ ಬರೆಯಬೇಕು.